ಎರಡು ಬೆರಳು ಎತ್ತರ

ರಾತ್ರಿ ಹನ್ನೊಂದರ ಹೊತ್ತಿಗೆ ಕಾಲೇಜಿನ ವರ್ಕ್‌ಶಾಪಿನಲ್ಲಿ ನಮ್ಮ ಗಾಡಿ ಮೊದಲ ಸಲ ತನ್ನ ಚಕ್ರಗಳ ಮೇಲೆ ತಾನೇ ನಿಂತಿತು. ಅಲ್ಲಿಯವರೆಗೆ ಅದಕ್ಕೆ ಮರದ ದಿಮ್ಮಿಗಳೇ ಕಾಲು. ಇಬ್ಬರು ಶಿಳ್ಳೆ ಹೊಡೆದರು, ಒಬ್ಬ ಹೋಗಿ ಎಲ್ಲರಿಗೂ ಟೀ ತಂದ. ಎಲ್ಲ ಸರಿ, ಗಾಡಿಯ ಮೂಗು ಮಾತ್ರ ಡ್ರಾಯಿಂಗಿನಲ್ಲಿ ಇದ್ದುದಕ್ಕಿಂತ ಎರಡು ಬೆರಳು ಎತ್ತರದಲ್ಲಿತ್ತು. ಜೂನಿಯರ್ ಹುಡುಗನೊಬ್ಬ ಅದನ್ನು ಕೇಳಿಯೂ ಕೇಳಿದ. ‘ಹೊಸ ಸ್ಪ್ರಿಂಗು ಕಣೋ, ನಾಲ್ಕು ರೌಂಡ್ ಓಡಿಸಿದ್ರೆ ತಾನೇ ಕೂರುತ್ತೆ’ ಅಂದವನು ನಾನು. ಗಾಡಿ ಕೂರಲಿಲ್ಲ. ಆ ಎರಡು ಬೆರಳಿನ ಹಿಂದೆ ಏನಿತ್ತು ಎಂದು ಗೊತ್ತಾಗಲು ನಮಗೆ ಮೂರು ವಾರ ಹಿಡಿಯಿತು. ಟೇಪು ಹಿಡಿದು ಅಳೆದಿದ್ದರೆ ಟೀ ಆರುವುದರೊಳಗೆ ಗೊತ್ತಾಗುತ್ತಿತ್ತು.

ನಾವು ಕಟ್ಟುತ್ತಿದ್ದುದು ‘ಬಾಹಾ’ ಗಾಡಿ. ಇಂಜಿನಿಯರಿಂಗ್ ಓದುವವರು ತಾವೇ ವಿನ್ಯಾಸ ಮಾಡಿ, ತಾವೇ ವೆಲ್ಡ್ ಮಾಡಿ, ತಾವೇ ಓಡಿಸುವ ಒಂದು ಸೀಟಿನ ಕಾಡುಗಾಡಿ. ಈ ಸ್ಪರ್ಧೆ 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. 2007ರಲ್ಲಿ ನಮ್ಮ ದೇಶಕ್ಕೆ, ಇಂದೋರಿನ ಪಕ್ಕದ ಪೀಥಂಪುರಕ್ಕೆ ಬಂತು. ನಮ್ಮ ಕಾಲಕ್ಕೆ ತಂಡಗಳಿಗೆಲ್ಲ ಒಂದೇ ಬಗೆಯ, ಹತ್ತು ಅಶ್ವಶಕ್ತಿಯ ಸಣ್ಣ ಎಂಜಿನ್ ಇತ್ತು. ಅದನ್ನು ಬಿಚ್ಚಿ ಹುರಿಗೊಳಿಸುವಂತಿರಲಿಲ್ಲ. ಹಾಗಾಗಿ ಯಾರ ಗಾಡಿ ಕಡೆಯ ದಿನದ ನಾಲ್ಕು ಗಂಟೆಯ ಓಟದಲ್ಲಿ ಉಳಿಯುತ್ತದೆ, ಯಾರದ್ದು ಕಾಲು ಮುರಿದುಕೊಂಡು ಟ್ರ್ಯಾಕಿನ ಅಂಚಿನಲ್ಲಿ ಕೂರುತ್ತದೆ ಅನ್ನುವುದು ಬಹುಪಾಲು ಸಸ್ಪೆನ್ಷನ್ ಕೈಯಲ್ಲಿದೆ.

ಈ ಕೆಲಸಕ್ಕೆ ಇಳಿಯುವ ಹುಡುಗರು, ಹುಡುಗಿಯರು ಮೊದಲು ಮಾಡುವುದು ಲ್ಯಾಪ್‌ಟಾಪ್ ತೆರೆಯುವುದು. ಲೋಟಸ್ ಶಾರ್ಕೋ ಆಡಮ್ಸೋ ಯಾವುದಾದರೂ ಸಾಫ್ಟ್‌ವೇರ್ ಹಾಕಿಕೊಂಡು, ಸೀನಿಯರ್‌ಗಳ ಹಳೆಯ ಫೈಲಿನ ಬಿಂದುಗಳನ್ನು ಅತ್ತಿತ್ತ ಎಳೆದು, ಪರದೆಯ ಮೇಲೆ ಗೆರೆ ಚಂದವಾಗಿ ಬಂದರೆ ವಿನ್ಯಾಸ ಮುಗಿಯಿತು ಅಂದುಕೊಳ್ಳುತ್ತಾರೆ. ನಾವೂ ಹಾಗೇ ಮಾಡಿದ್ದು. ಈಗ ಯಾರಾದರೂ ಎಲ್ಲಿಂದ ಶುರುಮಾಡಲಿ ಎಂದು ಕೇಳಿದರೆ ನೆಲದಿಂದ ಅನ್ನುತ್ತೇನೆ. ನೆಲ ಹೇಗಿದೆ, ಅದರ ಮೇಲೆ ಎಷ್ಟು ವೇಗದಲ್ಲಿ ಹೋಗಬೇಕು? ಈ ಎರಡಕ್ಕೆ ಉತ್ತರ ಸಿಗುವ ತನಕ ಸ್ಪ್ರಿಂಗಿನ ಮಾತೇ ಬೇಡ.

ಬಯಲಿನಲ್ಲಿ ಅಡುಗೆ ಮಾಡುವವರು ಒಲೆಗೆ ಮೂರು ಕಲ್ಲು ಹೂಡುತ್ತಾರೆ, ನಾಲ್ಕು ಹೂಡುವುದಿಲ್ಲ. ಮೂರು ಕಲ್ಲು ಎಷ್ಟೇ ಒರಟಾಗಿರಲಿ, ಪಾತ್ರೆ ಅಲುಗಾಡದೆ ಕೂರುತ್ತದೆ. ನಾಲ್ಕನೆಯದು ಬಂತೋ, ಒಂದು ಕಲ್ಲು ಪಾತ್ರೆಗೆ ತಾಗುವುದೇ ಇಲ್ಲ. ನಾಲ್ಕು ಚಕ್ರದ ಗಾಡಿಯ ಕಷ್ಟವೂ ಇಷ್ಟೇ. ಏರುಪೇರಿನ ನೆಲದಲ್ಲಿ ಮೂರು ಚಕ್ರ ಊರಿಕೊಂಡರೆ ನಾಲ್ಕನೆಯದು ಗಾಳಿಯಲ್ಲಿ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹತ್ತಿದವರಿಗೆ ಇದು ಓದದೆಯೂ ಗೊತ್ತಿರುತ್ತದೆ: ಮಳೆನೀರು ಕೊರೆದ ಜಾಡಿನಲ್ಲಿ ಮುಂದಿನ ಎಡ ಚಕ್ರ ಕಲ್ಲೇರಿ, ಹಿಂದಿನ ಬಲ ಚಕ್ರವೂ ಕಲ್ಲೇರಿ, ಮಿಕ್ಕೆರಡು ಗುಂಡಿಯ ಕಡೆ ಜೋತುಬೀಳುತ್ತವೆ. ಆಗ ಎಂಜಿನ್ ಅರಚುತ್ತದೆ, ಜೋತ ಚಕ್ರ ಗಿರಗಿರನೆ ತಿರುಗುತ್ತದೆ, ಜೀಪು ಇದ್ದಲ್ಲೇ ಇರುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಒಂದು ಅಚ್ಚಿನ ಎರಡೂ ಚಕ್ರಕ್ಕೆ ಸಮನಾದ ತಿರುಚುಬಲ ಹಂಚುತ್ತದೆ. ಗಾಳಿಯಲ್ಲಿರುವ ಚಕ್ರವನ್ನು ತಿರುಗಿಸಲು ಬಲವೇ ಬೇಡ, ಹಾಗಾಗಿ ನೆಲದ ಮೇಲಿರುವ ಅದರ ಜೋಡಿಗೂ ಸಿಗುವುದು ಅಷ್ಟೇ, ಅಂದರೆ ಹೆಚ್ಚುಕಡಿಮೆ ಸೊನ್ನೆ. ಆದ್ದರಿಂದ ಕಾಡುಗಾಡಿಯಲ್ಲಿ ಸಸ್ಪೆನ್ಷನ್ನಿನ ಮೊದಲ ಕೆಲಸ ಕೂತವರ ಸುಖವಲ್ಲ. ಚಕ್ರ ನೆಲ ಬಿಡದಂತೆ ನೋಡಿಕೊಳ್ಳುವುದು. ಸುಖ ಅದರ ಹಿಂದೆಯೇ ಬರುತ್ತದೆ, ಬಾರದಿದ್ದರೆ ಅದು ಚಾಲಕನ ಸೊಂಟದ ಹಣೆಬರಹ.

ಈ ನಾಲ್ಕನೇ ಕಲ್ಲಿನ ಸಮಸ್ಯೆಗೆ ಎಲ್ಲಕ್ಕಿಂತ ಜಾಣ ಉತ್ತರ ನಮ್ಮ ಹೊಲದಲ್ಲೇ ಇದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚನ್ನು ಬಗ್ಗಿ ನೋಡಿ. ಅಚ್ಚಿನ ನಟ್ಟನಡುವೆ ಒಂದೇ ಒಂದು ದಪ್ಪ ಪಿನ್ನು. ಆ ಪಿನ್ನಿನ ಮೇಲೆ ಅಚ್ಚು ತಕ್ಕಡಿಯ ದಂಡದ ಹಾಗೆ ಓಲಾಡುತ್ತದೆ. ಬದುವಿನ ಮೇಲೆ ಒಂದು ಚಕ್ರ ಏರಿದರೆ ಇನ್ನೊಂದು ಇಳಿಯುತ್ತದೆ. ಲೆಕ್ಕಕ್ಕೆ ನಾಲ್ಕು ಚಕ್ರವಾದರೂ ಟ್ರ್ಯಾಕ್ಟರಿನ ಮೈ ನಿಂತಿರುವುದು ಮೂರು ಬಿಂದುವಿನ ಮೇಲೆ: ಹಿಂದಿನ ಎರಡು ಗಾಲಿ, ಮುಂದಿನ ಪಿನ್ನು. 2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲಿಳಿದ ನಮ್ಮ ಪ್ರಜ್ಞಾನ್ ರೋವರ್ ಕೂಡ ಇದೇ ಮನೆತನದ್ದು. ಅದರ ಆರು ಚಕ್ರಗಳು ಓಲಾಡುವ ತೋಳುಗಳಿಗೆ ಅಂಟಿಕೊಂಡಿದ್ದವು. ಅದು ಸೆಕೆಂಡಿಗೆ ಸೆಂಟಿಮೀಟರಿನ ಲೆಕ್ಕದಲ್ಲಿ ತೆವಳುವ ಯಂತ್ರ. ಅಷ್ಟು ನಿಧಾನಕ್ಕೆ ಸ್ಪ್ರಿಂಗ್ ಬೇಡ, ಓಲಾಡುವ ಕೀಲು ಸಾಕು. ವೇಗ ಹೆಚ್ಚಿದಂತೆ ಕಲ್ಲಿನ ಏಟು ಮೈಗೆ ತಾಗುತ್ತದೆ; ಆಗ ಸ್ಪ್ರಿಂಗು ಬೇಕು, ಸ್ಪ್ರಿಂಗ್ ಬಂದಮೇಲೆ ಅದರ ಕುಣಿತ ನಿಲ್ಲಿಸಲು ಶಾಕ್ ಅಬ್ಸಾರ್ಬರ್ ಬೇಕು.

ಬರೀ ಓಲಾಡುವ ಕೀಲು ಒಂದು ಕಡೆ, ವೇಗಕ್ಕೆಂದೇ ಸ್ಪ್ರಿಂಗು ಇನ್ನೊಂದು ಕಡೆ; ಹಳೆಯ ಜೀಪು ಈ ಎರಡರ ನಡುವೆ ನಿಲ್ಲುತ್ತದೆ. ವಿಲ್ಲಿಸ್ ಕಾಲದಿಂದ ಬಂದ ಗಟ್ಟಿ ಅಚ್ಚು, ಅದರ ಕೆಳಗೋ ಮೇಲೋ ಕಮಾನು ಪಟ್ಟಿ. ಈ ಪಟ್ಟಿಗಳ ಕಟ್ಟನ್ನು ಬೈಯುವುದು ಸುಲಭ, ಆದರೆ ಅದು ಒಂದೇ ಸಂಬಳಕ್ಕೆ ಮೂರು ಕೆಲಸ ಮಾಡುವ ಆಳು. ಭಾರ ಹೊರುತ್ತದೆ, ಅಚ್ಚು ಹಿಂದೆಮುಂದೆ ಜರುಗದಂತೆ ಹಿಡಿಯುತ್ತದೆ, ಪಟ್ಟಿಗೆ ಪಟ್ಟಿ ಉಜ್ಜಿ ಒಂದಿಷ್ಟು ಕುಣಿತವನ್ನೂ ತಡೆಯುತ್ತದೆ. ಮಾರುತಿ ಜಿಪ್ಸಿ ಕಡೆಯವರೆಗೂ ನಾಲ್ಕೂ ಮೂಲೆಯಲ್ಲಿ ಪಟ್ಟಿಯನ್ನೇ ಉಳಿಸಿಕೊಂಡಿತ್ತು. 2010ರ ಥಾರ್ ಮುಂದೆ ಟಾರ್ಷನ್ ಬಾರ್ ತಂದು ಹಿಂದೆ ಪಟ್ಟಿ ಇಟ್ಟುಕೊಂಡಿತು. 2020ರ ಥಾರ್ ನಾಲ್ಕಕ್ಕೂ ಸುರುಳಿ ಸ್ಪ್ರಿಂಗ್ ತಂದು, ಮುಂದಿನ ಚಕ್ರಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿಡಿಸಿತು, ಹಿಂದೆ ಗಟ್ಟಿ ಅಚ್ಚನ್ನೇ ಇಟ್ಟಿತು. ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಅಚ್ಚೇ. ಇವರಲ್ಲಿ ಯಾರದು ಸರಿ ಎಂದು ವಾದಿಸುತ್ತಾ ಭಾನುವಾರ ಕಳೆಯುವವರಿದ್ದಾರೆ. ಗಟ್ಟಿ ಅಚ್ಚಿನಲ್ಲಿ ಒಂದು ಚಕ್ರ ಏರಿದರೆ ಇನ್ನೊಂದನ್ನು ಅದು ಕೆಳಕ್ಕೆ ಒತ್ತುತ್ತದೆ, ಟ್ರ್ಯಾಕ್ಟರಿನ ಹಾಗೆ. ಬಂಡೆಗಳ ಮೇಲೆ ನಿಧಾನಕ್ಕೆ ಹತ್ತಲು ಅದು ವರ. ಆದರೆ ಅಚ್ಚು, ಡಿಫರೆನ್ಷಿಯಲ್, ಚಕ್ರ ಎಲ್ಲ ಸೇರಿ ಸ್ಪ್ರಿಂಗಿನ ಕೆಳಗಿನ ತೂಕ ದೊಡ್ಡದಾಗುತ್ತದೆ, ವೇಗವಾಗಿ ಹೋದಾಗ ಆ ಕಬ್ಬಿಣದ ಗಂಟು ನೆಲದ ಜೊತೆ ಏಗಲಾರದು. ನಮ್ಮ ಬಾಹಾ ಗಾಡಿ ಹಾರಿ ಓಡಬೇಕಾದದ್ದು, ಆದ್ದರಿಂದ ಮುಂದೆ ಎರಡೆರಡು ತೋಳಿನ ಡಬಲ್ ವಿಷ್‌ಬೋನ್.

ಇನ್ನು ಸ್ಪ್ರಿಂಗು ಎಷ್ಟು ಬಿಗಿ ಇರಬೇಕು? ಇಲ್ಲಿ ಒಂದು ಸಂಖ್ಯೆ ಎಲ್ಲವನ್ನೂ ಆಳುತ್ತದೆ: ಗಾಡಿಯನ್ನು ಒತ್ತಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗುತ್ತದೆ ಅನ್ನುವುದು. ಊರೊಳಗೆ ಓಡಾಡುವ ಕಾರುಗಳಲ್ಲಿ ಅದು ಸುಮಾರು ಒಂದರಿಂದ ಒಂದೂವರೆ. ನಿಧಾನ ನಡಿಗೆಯ ಲಯ ಅನ್ನಬಹುದು. ಮೈಗೆ ಅಭ್ಯಾಸವಾದ ಲಯ. ಈ ಸಂಖ್ಯೆಯನ್ನು ಹಿಡಿಯಲು ಕಂಪ್ಯೂಟರ್ ಬೇಡ, ಟೇಪು ಸಾಕು. ಜಾಕ್ ಕೊಟ್ಟು ಗಾಡಿಯನ್ನು ಸ್ಪ್ರಿಂಗ್ ಸಡಿಲವಾಗುವವರೆಗೆ ಎತ್ತಿ. ಚಕ್ರದ ನಡುವಿನಿಂದ ಮೈಯ ಒಂದು ಗುರುತಿಗೆ ಅಳೆಯಿರಿ. ಇಳಿಸಿ, ಮತ್ತೆ ಅಳೆಯಿರಿ. ತನ್ನ ಭಾರಕ್ಕೆ ತಾನೇ ಎಷ್ಟು ಸೆಂಟಿಮೀಟರ್ ಕುಸಿಯಿತು ಎಂಬುದು ಸಿಕ್ಕಿತಲ್ಲ, ಅದರ ವರ್ಗಮೂಲದಿಂದ ಐದನ್ನು ಭಾಗಿಸಿ. 25 ಸೆಂ.ಮೀ. ಕುಸಿದರೆ ಸೆಕೆಂಡಿಗೆ ಒಂದು ಸಲ. 6 ಸೆಂ.ಮೀ. ಮಾತ್ರ ಕುಸಿದರೆ ಎರಡು ಸಲ. 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ಸ್ಪ್ರಿಂಗ್ ನಿಯಮವೂ ಭೂಮಿಯ ಗುರುತ್ವವೂ ಈ ಪುಟ್ಟ ಲೆಕ್ಕದೊಳಗೆ ಕೂತಿವೆ. ಗಾಡಿಯ ತೂಕ ಎಷ್ಟು ಎಂದು ಕೂಡ ಇದು ಕೇಳುವುದಿಲ್ಲ ನೋಡಿ, ಅದು ನನಗೆ ಇವತ್ತಿಗೂ ಸೋಜಿಗ.

ಮುಂದಿನ ಸ್ಪ್ರಿಂಗಿಗೆ ಒಂದು ಲಯ, ಹಿಂದಿನದಕ್ಕೆ ಇನ್ನೊಂದು. ಇದನ್ನು ಕಂಡುಕೊಟ್ಟವನು ಮಾರಿಸ್ ಆಲಿ. ರೋಲ್ಸ್ ರಾಯ್ಸ್‌ನಲ್ಲಿದ್ದ ಈ ಇಂಗ್ಲಿಷ್ ಇಂಜಿನಿಯರ್ 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ. ಕಾರಿನ ಮುಂದೆ ಹಿಂದೆ ತೂಕಗಳನ್ನು ಕಟ್ಟಿ, ಅವನ್ನು ಹತ್ತಿರ ದೂರ ಸರಿಸುತ್ತಾ, ಅದೇ ರಸ್ತೆಯಲ್ಲಿ ಮತ್ತೆ ಮತ್ತೆ ಓಡಿಸಿ ನೋಡಿದ. ಉಬ್ಬಿಗೆ ಮೊದಲು ಏರುವುದು ಮುಂದಿನ ಚಕ್ರ, ತುಸು ಹೊತ್ತಿನ ಮೇಲೆ ಹಿಂದಿನದು. ಎರಡೂ ಒಂದೇ ಲಯದಲ್ಲಿ ತೂಗಿದರೆ ಮುಂದಿನದು ಇಳಿಯುವಾಗ ಹಿಂದಿನದು ಏರುತ್ತಿರುತ್ತದೆ, ಗಾಡಿ ಮಕ್ಕಳಾಡುವ ಮರದ ಕುದುರೆಯಾಗುತ್ತದೆ. ಹಿಂದಿನದನ್ನು ತುಸು ಚುರುಕಾಗಿಸಿದರೆ ತಡವಾಗಿ ಹೊರಟರೂ ಅದು ಮುಂದಿನದನ್ನು ಹಿಡಿದುಕೊಂಡುಬಿಡುತ್ತದೆ. ಮೈ ಮಟ್ಟಸವಾಗಿ ಏರಿಳಿಯುತ್ತದೆ. ನಾವು ಇದನ್ನು ಓದಿದ್ದೆವು. ಮುಂದೆ 1.6, ಹಿಂದೆ 1.8 ಎಂದು ನೋಟ್‌ಬುಕ್ಕಿನಲ್ಲಿ ಬರೆದು ಎರಡು ಸಲ ಗೆರೆ ಎಳೆದಿದ್ದೆವು.

ಲೆಕ್ಕವನ್ನೂ ಸರಿಯಾಗಿಯೇ ಮಾಡಿದ್ದೆವು ಅನ್ನುವುದು ಈಗಿನ ಸಮಾಧಾನ. ಚಾಲಕನೂ ಸೇರಿ 240 ಕಿಲೋ. ಅದರಲ್ಲಿ ಮುಂದಿನ ಚಕ್ರಗಳ ಪಾಲು ನೂರಕ್ಕೆ ನಲವತ್ತು. ಒಂದೊಂದು ಚಕ್ರಕ್ಕೆ 48. ಚಕ್ರ, ಹಬ್ಬು, ಬ್ರೇಕು ಎಂದು ಸ್ಪ್ರಿಂಗಿನ ಕೆಳಗೇ ಉಳಿಯುವ 12 ಕಿಲೋ ಕಳೆದರೆ ಸ್ಪ್ರಿಂಗು ಹೊರಬೇಕಾದದ್ದು 36. ಅದನ್ನು ಸೆಕೆಂಡಿಗೆ 1.6 ಸಲ ತೂಗಿಸಲು ಚಕ್ರದ ಬಳಿ ಮಿಲಿಮೀಟರಿಗೆ 3.6 ನ್ಯೂಟನ್ ಬಿಗಿ ಬೇಕು. ಆದರೆ ಸ್ಪ್ರಿಂಗು ಚಕ್ರದ ನೆತ್ತಿಯ ಮೇಲೆ ಕೂರುವುದಿಲ್ಲ, ತೋಳಿನ ನಡುವೆಲ್ಲೋ ಓರೆಯಾಗಿ ಕೂರುತ್ತದೆ. ಚಕ್ರ ಹತ್ತು ಮಿ.ಮೀ. ಏರಿದರೆ ನಮ್ಮ ಸ್ಪ್ರಿಂಗು ಕುಗ್ಗುತ್ತಿದ್ದುದು ಆರು. ಹೊಸಬರು ಎಡವುವುದು ಇಲ್ಲೇ: 3.6ನ್ನು 0.6ರಿಂದ ಒಂದು ಸಲ ಭಾಗಿಸಿ ಕೈತೊಳೆದುಕೊಳ್ಳುತ್ತಾರೆ. ಎರಡು ಸಲ ಭಾಗಿಸಬೇಕು. ಸನ್ನೆಕೋಲಿನ ಹಾಗೆ ಬಲವೂ ಬದಲಾಗುತ್ತದೆ, ಚಲನೆಯೂ ಬದಲಾಗುತ್ತದೆ. ಉತ್ತರ ಹತ್ತು ನ್ಯೂಟನ್, ಅಂದರೆ ಸ್ಪ್ರಿಂಗಿನ ಮೇಲೆ ಒಂದು ಕಿಲೋ ಅಕ್ಕಿ ಇಟ್ಟರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಕುಗ್ಗಬೇಕು.

ಈ ಅಕ್ಕಿ ಲೆಕ್ಕ ಹಿಡಿದುಕೊಂಡು ಪೀಣ್ಯಕ್ಕೆ ಹೋದೆವು. ಸಾಲು ಶೆಡ್ಡುಗಳ ನಡುವೆ ಒಂದು ಸಣ್ಣ ಸ್ಪ್ರಿಂಗ್ ಕಾರ್ಖಾನೆ. ಒಳಗೆ ಎಣ್ಣೆ ವಾಸನೆ, ಮೂಲೆಯಲ್ಲಿ ಕುಲುಮೆ. 8 ಮಿ.ಮೀ. ತಂತಿ, ಇಷ್ಟು ವ್ಯಾಸ, ಇಷ್ಟು ಸುತ್ತು ಎಂದು ಚೀಟಿ ಕೊಟ್ಟೆವು. ವಾರದ ಮೇಲೆ ಸ್ಪ್ರಿಂಗು ಬಂತು, ಕಪ್ಪು ಬಣ್ಣ ಹೊಡೆದು ಮಿರಿಮಿರಿ ಮಿಂಚುತ್ತಿತ್ತು. ನಾವು ಅದನ್ನು ಅಳೆಯಲಿಲ್ಲ. ಮುದ್ದಿಸಿದೆವು, ಅಷ್ಟೇ.

ಗ್ರೌಂಡಿನಲ್ಲಿ ಓಡಿಸಿದ ಮೊದಲ ದಿನವೇ ಗಾಡಿ ಕುದುರೆಯಾಯಿತು. ಸಣ್ಣ ಉಬ್ಬುಗಳ ಸಾಲಿನಲ್ಲಿ ಮೂಗು ನೆಗೆಯುತ್ತದೆ, ಬಾಲ ನೆಗೆಯುತ್ತದೆ. ಜಾಡಿನಲ್ಲಿ ತಿರುಗಿಸಿದರೆ ಒಳಗಿನ ಮುಂಚಕ್ರ ನೆಲ ಬಿಟ್ಟು ಸ್ಟೀರಿಂಗ್ ಪೊಳ್ಳಾಗುತ್ತದೆ. ಓಡಿಸುವ ಹುಡುಗ ಹೆಲ್ಮೆಟ್ ತೆಗೆದು ತಲೆ ಹಿಡಿದು ಕೂತ. ನಾವು ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನಪಟ್ಟೆವು, ಟೈರಿನ ಗಾಳಿ ಇಳಿಸಿದೆವು, ಏರಿಸಿದೆವು. ಸಾಫ್ಟ್‌ವೇರಿನಲ್ಲಿ ಬಿಂದುಗಳನ್ನು ಮತ್ತೆ ಎಳೆದಾಡಿದೆವು. ಮೂರನೇ ವಾರ ವರ್ಕ್‌ಶಾಪಿನ ಫೋರ್‌ಮನ್ ಒಬ್ಬರು, ನಿವೃತ್ತಿಗೆ ಹತ್ತಿರವಿದ್ದವರು, ಸುಮ್ಮನೆ ಬಂದು ವರ್ನಿಯರ್ ಕೊಟ್ಟು, ‘ತಂತಿ ನೋಡ್ರಪ್ಪ’ ಅಂದರು. ಬಣ್ಣ ಕೆರೆದು ಹಿಡಿದರೆ 9.

ಕಾರ್ಖಾನೆಗೆ ಹೋಗಿ ಕೇಳಿದ್ದಕ್ಕೆ ಉತ್ತರ: ‘ಎಂಟು ಸ್ಟಾಕ್ ಇರ್ಲಿಲ್ಲ. ಒಂದು ಎಮ್ಮೆಮ್ಮಿಗೆ ಏನಾಗುತ್ತೆ ಸಾರ್, ಇನ್ನೂ ಗಟ್ಟಿಯಾಯ್ತಲ್ಲ.’ ಗಟ್ಟಿಯಾದದ್ದೇ ಕೇಡಾಗಿತ್ತು. ಸುರುಳಿಯ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ: ಎಂಟಕ್ಕೆ 4096, ಒಂಬತ್ತಕ್ಕೆ 6561. ಉಳಿದದ್ದೆಲ್ಲ ಹಾಗೇ ಇದ್ದರೂ ಬಿಗಿ ನೂರಕ್ಕೆ ಅರವತ್ತು ಜಾಸ್ತಿ. 9.7 ಸೆಂ.ಮೀ. ಕುಸಿಯಬೇಕಿದ್ದ ಮೂಗು 6 ಸೆಂ.ಮೀ. ಕುಸಿದು ನಿಂತಿತ್ತು. ವ್ಯತ್ಯಾಸ 3.7 ಸೆಂ.ಮೀ., ನನ್ನ ಎರಡು ಬೆರಳು. ಮುಂದಿನ ಲಯ 1.6ರಿಂದ 2ಕ್ಕೆ ಹಾರಿ ಹಿಂದಿನ 1.8ನ್ನು ಮೀರಿತ್ತು, ಆಲಿ ಬೇಡ ಅಂದದ್ದು ಸರಿಯಾಗಿ ಅದನ್ನೇ. ಕುಸಿತ ಕಡಿಮೆಯಾದರೆ ಗುಂಡಿ ಬಂದಾಗ ಚಕ್ರ ಕೆಳಗಿಳಿಯಲು ಇರುವ ಜಾಗವೂ ಅಷ್ಟು ಕಡಿಮೆ. ಮುಂಚಕ್ರ ನೆಲ ಬಿಡುತ್ತಿದ್ದುದು ಅದಕ್ಕೆ. ಸಾಫ್ಟ್‌ವೇರಿನಲ್ಲಿ ತಪ್ಪಿರಲಿಲ್ಲ. ಅದಕ್ಕೆ ನಾವು ಎಂಟು ಎಂದು ಹೇಳಿದ್ದೆವು, ಅದು ನಂಬಿತ್ತು.

ಶಾಕ್ ಅಬ್ಸಾರ್ಬರ್ ಬಗ್ಗೆ ಒಂದು ಮಾತು. ಅದನ್ನು ಬಿಗಿ ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಆಳವಾಗಿದೆ. ಕುಗ್ಗಿದ ಸ್ಪ್ರಿಂಗು ವಾಪಸ್ ಚಾಚುವಾಗ ಅದನ್ನು ಅತಿಯಾಗಿ ಹಿಡಿದರೆ, ಮುಂದಿನ ಉಬ್ಬು ಬರುವ ಹೊತ್ತಿಗೆ ಚಕ್ರ ಪೂರ್ತಿ ಇಳಿದೇ ಇರುವುದಿಲ್ಲ. ಒಂದೊಂದು ಉಬ್ಬಿಗೂ ಗಾಡಿ ಚೂರುಚೂರೇ ತಗ್ಗುತ್ತಾ ಹೋಗಿ ಕಡೆಗೆ ತಳಕ್ಕೆ ಬಡಿಯುತ್ತದೆ. ನೋಡುವವರಿಗೆ ಸ್ಪ್ರಿಂಗು ಮೆತ್ತಗಾಯಿತು ಅನ್ನಿಸುತ್ತದೆ, ಇನ್ನೂ ಬಿಗಿ ಮಾಡುತ್ತಾರೆ. ಎಷ್ಟು ಬಿಗಿ ಸಾಕು ಎಂದು ತಿಳಿಯಲು ಗಾಡಿಯ ಒಂದು ಮೂಲೆ ಒತ್ತಿ ಬಿಡಿ. ಗಾಡಿ ಏರಿ, ತನ್ನ ಮಟ್ಟವನ್ನು ಸ್ವಲ್ಪ ದಾಟಿ, ಬಂದು ನಿಂತರೆ ಶುರುವಿಗೆ ಅಷ್ಟು ಸಾಕು.

ಜ್ಯಾಮಿತಿಯಲ್ಲಿ ಹೊಸಬರನ್ನು ಕಾಡುವುದು, ಚಕ್ರ ಏರಿಳಿಯುವಾಗ ತಾನಾಗಿಯೇ ತಿರುಗುವ ಚಾಳಿ. ಮೇಲಿನ ತೋಳು, ಕೆಳಗಿನ ತೋಳು, ಸ್ಟೀರಿಂಗಿನ ಟೈ ರಾಡ್, ಮೂರೂ ತಂತಮ್ಮ ಕೀಲಿನ ಸುತ್ತ ಕಂಸ ಎಳೆಯುತ್ತವೆ. ಕಂಸಗಳು ಹೊಂದದಿದ್ದರೆ ನೀವು ನೇರ ಹಿಡಿದಿದ್ದರೂ ಪ್ರತಿ ಕಲ್ಲಿಗೂ ಚಕ್ರ ತನ್ನ ಪಾಡಿಗೆ ಎಡಕ್ಕೋ ಬಲಕ್ಕೋ ನೋಡುತ್ತದೆ. ಎರಡು ತೋಳುಗಳ ಗೆರೆಯನ್ನು ಮುಂದುವರಿಸಿದರೆ ಅವು ಎಲ್ಲೋ ಒಂದೆಡೆ ಕೂಡುತ್ತವಲ್ಲ, ಟೈ ರಾಡ್ ಕೂಡ ಆ ಬಿಂದುವಿನ ಕಡೆಗೇ ಮುಖಮಾಡಿರಬೇಕು, ಉದ್ದವೂ ತೋಳುಗಳಿಗೆ ಒಪ್ಪುವಂತಿರಬೇಕು. ಮದುವೆ ಕರೆಯೋಲೆಯ ರಟ್ಟಿನಲ್ಲಿ ತೋಳು ಕತ್ತರಿಸಿ ಗುಂಡುಪಿನ್ನು ಚುಚ್ಚಿ ಆಡಿಸಿ ನೋಡಿ. ಸಾಫ್ಟ್‌ವೇರ್ ಒಂದು ಗಂಟೆಯಲ್ಲಿ ಹೇಳುವುದನ್ನು ಬೆರಳು ಐದು ನಿಮಿಷದಲ್ಲಿ ತಿಳಿಯುತ್ತದೆ. ಗಾಡಿ ಸಿದ್ಧವಾದ ಮೇಲೆ ಸ್ಪ್ರಿಂಗ್ ಬಿಚ್ಚಿ, ಚಕ್ರಕ್ಕೊಂದು ಲೇಸರ್ ಪಾಯಿಂಟರ್ ಕಟ್ಟಿ, ಜಾಕಿನಿಂದ ಎತ್ತಿ ಇಳಿಸಿ, ಗೋಡೆಯ ಮೇಲಿನ ಚುಕ್ಕೆ ಪಕ್ಕಕ್ಕೆ ಸರಿಯುತ್ತದೆಯೇ ನೋಡಬಹುದು.

ಇನ್ನು ಬಲದ ಲೆಕ್ಕ. ಮಲೆನಾಡಿನಲ್ಲಿ ಮನೆಗೆ ಹೆಂಚು ಹೊದಿಸುವಾಗ ಕೆಳಗಿದ್ದವರು ಎಸೆಯುತ್ತಾರೆ, ಮೇಲಿದ್ದವರು ಹಿಡಿಯುತ್ತಾರೆ. ಹಿಡಿಯುವ ಕೈ ಹೆಂಚಿನ ಜೊತೆಗೇ ಒಂದು ಮೊಳ ಹಿಂದೆ ಹೋಗುತ್ತದೆ. ಗಟ್ಟಿಯಾಗಿ ನಿಂತು ಹಿಡಿದರೆ ಹೆಂಚೂ ಒಡೆಯುತ್ತದೆ, ಅಂಗೈಯೂ ಉರಿಯುತ್ತದೆ. ಸಸ್ಪೆನ್ಷನ್ನಿನ ಚಲನೆ ಆ ಒಂದು ಮೊಳ. ಅರ್ಧ ಮೀಟರ್ ಎತ್ತರದಿಂದ ಬಿದ್ದ ಗಾಡಿಯನ್ನು 25 ಸೆಂ.ಮೀ.ಯಲ್ಲಿ ಹಿಡಿದು ನಿಲ್ಲಿಸಿದರೆ ಸರಾಸರಿ ಬಲ ತೂಕದ ಮೂರು ಪಟ್ಟು, 10 ಸೆಂ.ಮೀ.ಯಲ್ಲೇ ನಿಲ್ಲಿಸಬೇಕಾದರೆ ಆರು ಪಟ್ಟು. ಸರಾಸರಿ ಎಂದೆ, ತುತ್ತತುದಿಯ ಬಲ ಇನ್ನೂ ಹೆಚ್ಚು. ನಮ್ಮ ವರದಿಯಲ್ಲಿ ‘3ಜಿ’, ಅಂದರೆ ತೂಕದ ಮೂರು ಪಟ್ಟು, ಎಂದು ಬರೆದಿತ್ತು. ಎಲ್ಲಿಂದ ಬಂತು ಎಂದು ತೀರ್ಪುಗಾರರೊಬ್ಬರು ಕೇಳಿದರು. ಹಿಂದಿನ ವರ್ಷದ ವರದಿಯಿಂದ ಬಂದಿತ್ತು. ಅದಕ್ಕೆ ಹಿಂದಿನ ವರ್ಷದ್ದರಿಂದ.

ಬಲದ ಲೆಕ್ಕ ಮಾಡುವ ಅನ್ಸಿಸ್ ಸಾಫ್ಟ್‌ವೇರ್ ಬಿಡಿಸುವ ಕೆಂಪು, ಹಳದಿ, ನೀಲಿಯ ತೋಳಿನ ಚಿತ್ರ ನನಗೂ ಇಷ್ಟ, ಆದರೆ ಆ ಬಣ್ಣ ನೀವು ಕೊಟ್ಟ ಬಲದ ಬಣ್ಣ. ಬಲ ಊಹೆಯಾದರೆ ಚಿತ್ರ ರಂಗೋಲಿ. ಮೊದಲು ಚಕ್ರ ನೆಲ ಮುಟ್ಟುವ ಜಾಗದಲ್ಲಿ ಬಲ ಬರೆಯಿರಿ: ಬಿದ್ದಾಗ ಮೇಲ್ಮುಖ, ಬ್ರೇಕ್ ಹಿಡಿದಾಗ ಹಿಂಮುಖ, ತಿರುವಿನಲ್ಲಿ ಅಡ್ಡ, ಬಂಡೆಗೆ ಚಕ್ರದ ಮುಖವೇ ಬಡಿದರೆ ಇನ್ನೊಂದು. ಅದನ್ನು ಕಾಗದದ ಮೇಲೆ ಕೀಲಿನಿಂದ ಕೀಲಿಗೆ ಸಾಗಿಸಿ. ನಾನು ಕಂಡ ಮುರಿತಗಳಲ್ಲಿ ತೋಳಿನ ಕೊಳವೆ ಮುರಿದದ್ದು ಕಡಿಮೆ. ಮುರಿಯುತ್ತಿದ್ದುದು ತೋಳಿನ ತುದಿಯ ಕೀಲಾದ ರಾಡ್ ಎಂಡಿನ ಥ್ರೆಡ್ಡಿನ ಬುಡ. ಎಳೆತ, ಒತ್ತಡ ತಾಳಲು ಹುಟ್ಟಿದ ಆ ತುಂಡನ್ನು ಬಾಗಿಸುವಂತೆ ಕೂರಿಸಿದರೆ ಥ್ರೆಡ್ ಕೊರೆದ ಸಂದಿಯೇ ಬಿರುಕಿನ ಬಾಗಿಲು. ಬಣ್ಣದ ಚಿತ್ರದಲ್ಲಿ ಆ ತುಂಡನ್ನು ನಾವು ಸೇರಿಸಿಯೇ ಇರಲಿಲ್ಲ.

ಗಾಡಿಗಳ ಚಲನೆಯ ಬಗ್ಗೆ ಓದಲು ಕೂರುವವರಿಗೆ ಗಿಲ್ಲೆಸ್ಪಿಯವರ 1992ರ ಪುಸ್ತಕ ಮೊದಲು, ಮಿಲ್ಲಿಕೆನ್ ಜೋಡಿಯ 1995ರ ದಪ್ಪ ಗ್ರಂಥ ಆಮೇಲೆ. ಎರಡನೆಯದನ್ನು ಮೊದಲು ತೆಗೆದವರು ಮೂರನೇ ಅಧ್ಯಾಯದಲ್ಲಿ ಮಲಗಿದ್ದನ್ನು ನೋಡಿದ್ದೇನೆ.

ಹೋದ ಚಳಿಗಾಲದಲ್ಲಿ ಮನೆಯವರನ್ನು ಕರೆದುಕೊಂಡು ಕೊಡಚಾದ್ರಿಗೆ ಹೊರಟಿದ್ದೆ. ಜೀಪಿಗೆ ಎಂಟು ಜನ ತುಂಬಿದ್ದರು. ಚಾಲಕ ಹೊರಡುವ ಮುಂಚೆ ಕೆಳಗಿಳಿದು, ಹಿಂದಿನ ಟೈರು ಮತ್ತು ಮಡ್‌ಗಾರ್ಡಿನ ನಡುವೆ ಕೈ ತೂರಿಸಿದ. ಒಂದು ಬದಿ ನೋಡಿದ, ಹೋಗಿ ಇನ್ನೊಂದು ಬದಿ ನೋಡಿದ. ಏನು ನೋಡುತ್ತಿದ್ದೀರಿ ಎಂದೆ.

‘ನಾಲ್ಕು ಬೆರಳು ಇರ್ಬೇಕು ಮಾರಾಯ್ರೆ. ಈ ಬದಿ ಮೂರೇ ಉಂಟು. ಮೇಲೆ ಹೋದ್ರೆ ಕಮಾನು ಬಡೀತದೆ.’

ಹಾಗೆಂದವನೇ ಒಳಗೆ ಇಣುಕಿ, ಕೂತವರನ್ನೆಲ್ಲ ಒಮ್ಮೆ ತೂಗುವವನಂತೆ ನೋಡಿ, ನನ್ನ ಕಡೆ ತಿರುಗಿದ.

‘ನೀವು ಸ್ವಲ್ಪ ಮುಂದೆ ಬನ್ನಿ.’